ಬೆಂಗಳೂರಿಗೆ ಬರುವ ಕುಟುಂಬಕ್ಕೆ ಯಾವ ಏರಿಯಾ? ಶಾಲೆಯಿಂದ ಶುರು ಮಾಡಿ

ಮಾರ್ಚ್ ಬಂತೆಂದರೆ ಈ ಪ್ರಶ್ನೆ ಶುರು. "ಬೆಂಗಳೂರಿಗೆ ಟ್ರಾನ್ಸ್‌ಫರ್ ಆಗಿದೆ, ಇಬ್ಬರು ಮಕ್ಕಳು, ಯಾವ ಏರಿಯಾದಲ್ಲಿ ಮನೆ ಮಾಡಿದರೆ ಒಳ್ಳೆಯದು?" ದಾವಣಗೆರೆ, ಹುಬ್ಬಳ್ಳಿ, ಹಾಸನದಿಂದ ಬರುವವರು ಕೇಳುತ್ತಾರೆ. ಪುಣೆ, ಹೈದರಾಬಾದಿನಿಂದ ವಾಪಸ್ ಬರುವ ನಮ್ಮವರೂ ಕೇಳುತ್ತಾರೆ. ಉತ್ತರ ಕೊಡುವವರು ಮಾತ್ರ ತಾವಿರುವ ಏರಿಯಾವನ್ನೇ ಹೊಗಳುತ್ತಾರೆ. ಜಯನಗರದವರಿಗೆ ಜಯನಗರ ಬಿಟ್ಟರೆ ಬೆಂಗಳೂರೇ ಇಲ್ಲ. ಮಲ್ಲೇಶ್ವರದವರಿಗೆ ಜಯನಗರ ಮೊನ್ನೆ ಮೊನ್ನೆ ಹುಟ್ಟಿದ ಬಡಾವಣೆ. ವೈಟ್‌ಫೀಲ್ಡಿನವರು "ನಮ್ಮ ಕಡೆ ಬನ್ನಿ, ಎಲ್ಲಾ ಕಾಂಪೌಂಡಿನ ಒಳಗೇ ಇದೆ" ಅನ್ನುತ್ತಾರೆ, ಗೇಟು ದಾಟಿದ ಮೇಲೆ ಏನಿದೆ ಅಂತ ಹೇಳುವುದಿಲ್ಲ.

ಹೆಚ್ಚಿನವರು ಮಾಡುವುದು ಹೀಗೆ: ಆಫೀಸ್ ಎಲ್ಲಿದೆ ನೋಡುತ್ತಾರೆ, ಅದರ ಹತ್ತಿರ ಮನೆ ಹುಡುಕುತ್ತಾರೆ, ಅಡ್ವಾನ್ಸ್ ಕೊಡುತ್ತಾರೆ, ಶಾಲೆಯ ಯೋಚನೆ ಅದಾದ ಮೇಲೆ. ನನ್ನ ಪ್ರಕಾರ ಇದು ಪೂರ್ತಿ ಉಲ್ಟಾ. ಮೊದಲು ಶಾಲೆ, ಶಾಲೆಯಿಂದ ಎರಡು ಮೂರು ಕಿಲೋಮೀಟರ್ ಒಳಗೆ ಮನೆ, ಕೊನೆಗೆ ಆಫೀಸ್. ದೊಡ್ಡವರು ಮೆಟ್ರೋ ಹತ್ತಿ ಒಂದು ಗಂಟೆ ಕೂತು ಹೋಗಬಹುದು, ನಿಂತೂ ಹೋಗಬಹುದು. ಕೆಲವರಿಗೆ ವಾರದಲ್ಲಿ ಎರಡು ದಿನ ಮನೆಯಿಂದಲೇ ಕೆಲಸ ಇರುತ್ತದೆ, ಎರಡು ವರ್ಷಕ್ಕೊಮ್ಮೆ ಕಂಪನಿಯನ್ನೇ ಬದಲಾಯಿಸುವವರೂ ಇದ್ದಾರೆ. ಆದರೆ ಆರು ವರ್ಷದ ಮಗು ಬೆಳಿಗ್ಗೆ ಆರೂಮುಕ್ಕಾಲಿಗೆ ಸ್ಕೂಲ್ ಬಸ್ ಹತ್ತಿ, ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ಸಂಜೆ ನಾಲ್ಕೂವರೆಗೆ ಮನೆ ಮುಂದೆ ಇಳಿದರೆ, ಅದಕ್ಕೆ ಆಟಕ್ಕೂ ಹೊತ್ತಿಲ್ಲ, ಓದಿಗೂ ಶಕ್ತಿ ಇಲ್ಲ.

ಮೆಟ್ರೋ ಇಲ್ಲದ ಕಾಲದಲ್ಲಿ "ಆಫೀಸ್ ಹತ್ತಿರವೇ ಇರಿ" ಅನ್ನುವ ಮಾತಿಗೆ ಅರ್ಥ ಇತ್ತು. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ತನಕ ಪೂರ್ತಿಯಾಯಿತು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಆರ್‌.ವಿ. ರೋಡಿನಿಂದ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರಕ್ಕೆ ಹೋಯಿತು. ಈಗ ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುವವರು ವಿಜಯನಗರದಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವವರು ಬನಶಂಕರಿಯಲ್ಲಿ ಮನೆ ಮಾಡಿದರೆ ಹುಚ್ಚುತನ ಅಲ್ಲ. ಖರ್ಚು ಇದ್ದೇ ಇದೆ. 2025ರ ಫೆಬ್ರವರಿಯಲ್ಲಿ ದರ ಏರಿಸಿದಾಗ ಗರಿಷ್ಠ ಟಿಕೆಟ್ 90 ರೂಪಾಯಿ ಆಯಿತು. ಹೋಗಿ ಬರಲು 180, ತಿಂಗಳಿಗೆ 22 ದಿನ ಅಂದರೆ ಹತ್ತಿರ ಹತ್ತಿರ 4,000. ಸ್ಮಾರ್ಟ್ ಕಾರ್ಡ್ ಇದ್ದರೆ ಸ್ವಲ್ಪ ಕಡಿಮೆ. ಇಬ್ಬರು ಮಕ್ಕಳ ಸ್ಕೂಲ್ ವ್ಯಾನಿನ ದುಡ್ಡಿನ ಜೊತೆ ಇದನ್ನು ಒಮ್ಮೆ ಹೋಲಿಸಿ ನೋಡಿ, ನಾನು ಹೇಳುತ್ತಿರುವುದು ಅರ್ಥ ಆಗುತ್ತದೆ.

ಏರಿಯಾಕ್ಕೂ ಮೊದಲು ಬೋರ್ಡ್

ಸ್ಟೇಟ್, ಸಿಬಿಎಸ್‌ಇ, ಐಸಿಎಸ್‌ಇ. ಈ ಮೂರರಲ್ಲಿ ಯಾವುದು ಅಂತ ಮನೆಯಲ್ಲಿ ತೀರ್ಮಾನ ಆಗದೆ ಏರಿಯಾ ಹುಡುಕಲು ಹೊರಡಬೇಡಿ, ಸುಮ್ನೆ ಪೆಟ್ರೋಲ್ ದಂಡ. ಮೂರು ವರ್ಷಕ್ಕೊಮ್ಮೆ ರಾಜ್ಯ ಬಿಟ್ಟು ರಾಜ್ಯಕ್ಕೆ ವರ್ಗ ಆಗುವ ಕೆಲಸ ಆದರೆ ಸಿಬಿಎಸ್‌ಇ ಬಿಟ್ಟು ಬೇರೆ ನೋಡಬೇಡಿ. ಕೇಂದ್ರ ಸರ್ಕಾರದ ನೌಕರಿ ಇದ್ದರೆ ಮೊದಲು ಕೇಂದ್ರೀಯ ವಿದ್ಯಾಲಯ. ಅಲ್ಲಿ ನಿಮ್ಮ ಮಕ್ಕಳಿಗೆ ಆದ್ಯತೆ ಇದೆ, ಒಂದು ಕೆವಿಯಿಂದ ಇನ್ನೊಂದು ಕೆವಿಗೆ ವರ್ಗಾವಣೆಯೂ ಸಲೀಸು. ಮಲ್ಲೇಶ್ವರ, ಜಾಲಹಳ್ಳಿ, ಹೆಬ್ಬಾಳ, ಯಲಹಂಕ, ಐಐಎಸ್‌ಸಿ ಆವರಣ ಹೀಗೆ ಊರಿನ ಉತ್ತರ ಪಶ್ಚಿಮ ಭಾಗದಲ್ಲಿ ಕೆವಿಗಳು ಜಾಸ್ತಿ, ಹಾಗಾಗಿ ಕೆವಿ ಬೇಕೆಂದವರ ಏರಿಯಾ ಅರ್ಧ ಅಲ್ಲಿಗೇ ತೀರ್ಮಾನ ಆದಂತೆ.

ಕರ್ನಾಟಕದಲ್ಲೇ ನೆಲೆ ನಿಲ್ಲುವವರು ಸ್ಟೇಟ್ ಸಿಲಬಸ್ ಅಂದರೆ ಮೂಗು ಮುರಿಯಬೇಕಾಗಿಲ್ಲ. ಎಂಜಿನಿಯರಿಂಗ್ ಸೀಟಿಗೆ ಸಿಇಟಿ (ರಾಜ್ಯದ ಪ್ರವೇಶ ಪರೀಕ್ಷೆ) ಅಂಕ ಅರ್ಧ, 12ನೇ ತರಗತಿಯ ಅಂಕ ಅರ್ಧ, ಅಲ್ಲಿ ಯಾವ ಬೋರ್ಡ್ ಅಂತ ಯಾರೂ ಕೇಳುವುದಿಲ್ಲ. ಹೊರ ರಾಜ್ಯದಿಂದ ವಾಪಸ್ ಬರುವವರು ಇನ್ನೊಂದು ಗಮನಿಸಿ: ಸಿಇಟಿಯಲ್ಲಿ ಸರ್ಕಾರಿ ಸೀಟಿಗೆ ಅರ್ಹತೆ ಪಡೆಯುವ ಮಾಮೂಲು ದಾರಿ ಅಂದರೆ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರುವುದು. ಬೇರೆ ಕಲಮುಗಳೂ ಇವೆ, ಆದರೆ ಅವುಗಳ ಕಾಗದ ಪತ್ರ ಹೊಂದಿಸುವುದು ತಲೆನೋವು. ಮಗು ಐದನೇ ಕ್ಲಾಸಿನಲ್ಲಿ ಇದ್ದರೆ ಈಗಲೇ ಬನ್ನಿ, "ಹೈಸ್ಕೂಲಿಗೆ ಬಂದರಾಯಿತು" ಅನ್ನಬೇಡಿ.

ಹಳ್ಳಿಯಿಂದ ಬರುವವರಿಗೆ ಇದರ ಉಲ್ಟಾ ಲೆಕ್ಕ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಸಿಇಟಿಯಲ್ಲಿ ಗ್ರಾಮೀಣ ಕೋಟಾ 15 ಶೇಕಡಾ, ಕನ್ನಡ ಮಾಧ್ಯಮದವರಿಗೆ 5 ಶೇಕಡಾ. ಎರಡಕ್ಕೂ 1ರಿಂದ 10ನೇ ತರಗತಿ ತನಕ ಪೂರ್ತಿ ಹತ್ತು ವರ್ಷ ಬೇಕು. ಎಂಟನೇ ಕ್ಲಾಸ್ ಮುಗಿಸಿದ ಹುಡುಗನನ್ನು ಬೆಂಗಳೂರಿಗೆ ತಂದು ಇಂಗ್ಲಿಷ್ ಮೀಡಿಯಂಗೆ ಸೇರಿಸಿದರೆ ಎಂಟು ವರ್ಷದ ಗಳಿಕೆ ಅಲ್ಲಿಗೆ ಹೋಯಿತು. ಅಂಥ ಮನೆಯವರಿಗೆ ನನ್ನ ಸಲಹೆ: ಆಗುವುದಾದರೆ ಎರಡು ವರ್ಷ ತಡೆಯಿರಿ, ಎಸ್ಸೆಸ್ಸೆಲ್ಸಿ ಅಲ್ಲೇ ಮುಗಿಯಲಿ, ಪಿಯುಸಿಗೆ ಬನ್ನಿ.

ಸಿಬಿಎಸ್‌ಇ ಮಕ್ಕಳಿಗೆ 9ನೇ ತರಗತಿಯಲ್ಲೇ ಬೋರ್ಡಿನ ನೋಂದಣಿ ಆಗುತ್ತದೆ, ಹತ್ತಕ್ಕೆ ಬಂದ ಮೇಲೆ ಶಾಲೆ ಬದಲಿಸುವುದು ಬಹಳ ಕಷ್ಟ. ಎಂಟು ಮುಗಿದಾಗ ಬನ್ನಿ, ಇಲ್ಲವೇ ಹತ್ತು ಮುಗಿದಾಗ.

ಚಿಕ್ಕವರ ವಿಷಯದಲ್ಲಿ ಗೊಂದಲ ವಯಸ್ಸಿನದು. ರಾಜ್ಯದ ನಿಯಮದಂತೆ ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು. 2025-26ರಲ್ಲಿ ಗಲಾಟೆ ಆಗಿ ಆ ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಿಗೆ ಇಳಿಸಿದರು. ಕೆವಿಯಲ್ಲಿ ಮಾರ್ಚ್ 31ಕ್ಕೆ 6 ತುಂಬಿರಬೇಕು. ಏಪ್ರಿಲ್ ಮೇನಲ್ಲಿ ಹುಟ್ಟಿದ ಮಗು ಒಂದು ಕಡೆ ಸರಿ, ಇನ್ನೊಂದು ಕಡೆ ಒಂದು ವರ್ಷ ಕಾಯಬೇಕು. ನೀವು ಸೇರಿಸುವ ವರ್ಷದ ಆದೇಶ ಯಾವುದು ಅಂತ ಶಾಲೆಯಲ್ಲೇ ಕೇಳಿ, ಹಳೆಯ ಸುದ್ದಿ ನಂಬಬೇಡಿ.

ಇಷ್ಟು ಇಟ್ಟುಕೊಂಡು ಈಗ ಏರಿಯಾಗಳಿಗೆ ಬರೋಣ. ನಾನು ಐದು ಕಡೆ ನೋಡುತ್ತೇನೆ. ಕೋರಮಂಗಲ, ಇಂದಿರಾನಗರ, ಎಚ್‌ಎಸ್‌ಆರ್ ಬಿಟ್ಟಿದ್ದೇನೆ. ಶಾಲೆಗಳು ಅಲ್ಲೂ ಚೆನ್ನಾಗಿವೆ, ಆದರೆ ಬಾಡಿಗೆಯಲ್ಲಿ ಪಬ್ಬು ಕೆಫೆಗಳ ಜೊತೆ ಪೈಪೋಟಿ ಮಾಡುವ ಶಕ್ತಿ ಇದ್ದವರಿಗೆ ನನ್ನ ಸಲಹೆ ಬೇಕಾಗಿಯೂ ಇಲ್ಲ.

ಜಯನಗರ, ಜೆ.ಪಿ. ನಗರ, ಬನಶಂಕರಿ

1948ರಲ್ಲಿ ಶಂಕುಸ್ಥಾಪನೆ ಆದ ಜಯನಗರವನ್ನು ನಕ್ಷೆ ಹಾಕಿಯೇ ಕಟ್ಟಿದ್ದು. ಅಗಲ ರಸ್ತೆ, ಸಾಲು ಮರ, ಬ್ಲಾಕಿಗೊಂದು ಪಾರ್ಕು. ಮಕ್ಕಳು ನಡೆದು ಹೋಗಿ ಲೈಬ್ರರಿಯಿಂದ ಪುಸ್ತಕ ತರಬಹುದು, 5ನೇ ಬ್ಲಾಕಿನ ಶಾಲಿನಿ ಗ್ರೌಂಡ್ಸ್‌ನಲ್ಲಿ ಆಡಬಹುದು. ಜೆ.ಪಿ. ನಗರದಲ್ಲಿ 2004ರಿಂದ ರಂಗಶಂಕರ ಇದೆ, ಮಕ್ಕಳ ನಾಟಕಗಳೂ ನಡೆಯುತ್ತವೆ. ಬಸವನಗುಡಿ ಪಕ್ಕದಲ್ಲೇ, ಲಾಲ್‌ಬಾಗ್ ಮೆಟ್ರೋದಲ್ಲಿ ಎರಡು ಮೂರು ಸ್ಟೇಷನ್. ಸಂಗೀತ, ಭರತನಾಟ್ಯ, ಚೆಸ್ಸು, ಯಾವ ಕ್ಲಾಸ್ ಬೇಕೆಂದರೂ ಎರಡು ರಸ್ತೆ ದಾಟಿದರೆ ಸಿಗುತ್ತದೆ.

ಶಾಲೆಗಳು ಹಳೆಯವು, ಹೆಸರಿನವು. ಜಯನಗರದಲ್ಲಿ ಆರ್‌.ವಿ. ಮತ್ತು ವಿಜಯ ಸಂಸ್ಥೆಗಳು, ಬಸವನಗುಡಿಯಲ್ಲಿ 1917ರ ನ್ಯಾಷನಲ್ ಹೈಸ್ಕೂಲು, ಇನ್ನೂ ದಕ್ಷಿಣಕ್ಕೆ ಕುಮಾರನ್ಸ್, ಕನಕಪುರ ರಸ್ತೆಯಲ್ಲಿ ದೆಹಲಿ ಪಬ್ಲಿಕ್ ಸ್ಕೂಲ್ ಸೌತ್. ಇಲ್ಲೊಂದು ಎಚ್ಚರ. ದೊಡ್ಡ ಹೆಸರಿನ ಶಾಲೆಗೆ ಒಂದಕ್ಕಿಂತ ಹೆಚ್ಚು ಕ್ಯಾಂಪಸ್ ಇರುತ್ತದೆ, ಒಂದೊಂದು ಕ್ಯಾಂಪಸ್ಸಿಗೆ ಒಂದೊಂದು ಬೋರ್ಡ್. ಹೆಸರು ನೋಡಿ ಪಕ್ಕದಲ್ಲೇ ಮನೆ ಮಾಡಿದ್ದೀರಿ, ಸೀಟು ಸಿಕ್ಕಿದ್ದು ಹತ್ತು ಕಿಲೋಮೀಟರ್ ಆಚೆಯ ಕ್ಯಾಂಪಸ್ಸಿನಲ್ಲಿ ಅಂತಾದರೆ ಏನು ಮಾಡುತ್ತೀರಿ? ಅಡ್ಮಿಷನ್ ಪತ್ರದಲ್ಲಿ ಕ್ಯಾಂಪಸ್ ವಿಳಾಸ ನೋಡಿದ ಮೇಲೆಯೇ ಮನೆಗೆ ಅಡ್ವಾನ್ಸ್.

ತೊಂದರೆ ಏನೆಂದರೆ ಬಾಡಿಗೆ ಮತ್ತು ಓನರ್. ಜಯನಗರದ ಒಳ್ಳೆಯ ಬ್ಲಾಕುಗಳಲ್ಲಿ ಮನೆ ಅಂದರೆ ಕೆಳಗೆ ಓನರ್, ಮೇಲೆ ನೀವು. ರಾತ್ರಿ ಹತ್ತರ ನಂತರ ಗೇಟಿಗೆ ಬೀಗ, ಮಕ್ಕಳು ಮೇಲೆ ಓಡಾಡಿದರೆ ಕೆಳಗಿಂದ ಕೂಗು, ಮಾಂಸ ಬೇಯಿಸುವ ಹಾಗಿಲ್ಲ ಅನ್ನುವ ಮಾತು. ಎಲ್ಲಾ ಓನರ್‌ಗಳೂ ಹೀಗಲ್ಲ, ಆದರೆ ಮೊದಲೇ ಬಾಯಿಬಿಟ್ಟು ಕೇಳಿಕೊಳ್ಳಿ. ಬನಶಂಕರಿ ಎರಡು ಮೂರನೇ ಹಂತ, ಪದ್ಮನಾಭನಗರ ಕಡೆ ಬಾಡಿಗೆ ಸ್ವಲ್ಪ ಇಳಿಯುತ್ತದೆ, ಶಾಲೆಗಳು ಅವೇ. ಎಲೆಕ್ಟ್ರಾನಿಕ್ ಸಿಟಿಯ ಕೆಲಸದವರಿಗೆ ನಾನು ಈಗ ಇದನ್ನೇ ಹೇಳುವುದು. ಹಸಿರು ಮಾರ್ಗದಲ್ಲಿ ಬನಶಂಕರಿಯಿಂದ ಆರ್‌.ವಿ. ರೋಡಿಗೆ ಬಂದು ಹಳದಿ ಮಾರ್ಗ ಹಿಡಿದರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ಮೇಲಿಂದ ತೇಲಿ ಹೋಗುತ್ತೀರಿ. ಶುರುವಿನಲ್ಲಿ ಹಳದಿ ಮಾರ್ಗದಲ್ಲಿ 25 ನಿಮಿಷಕ್ಕೊಂದು ರೈಲು ಇತ್ತು, ಆಮೇಲೆ ರೈಲುಗಳು ಹೆಚ್ಚಾದ ಹಾಗೆ ಕಾಯುವುದು ಕಡಿಮೆಯಾಗಿದೆ.

ಮಲ್ಲೇಶ್ವರ, ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ

ನನ್ನ ಮತ ಈ ಕಡೆಗೆ, ಮುಚ್ಚುಮರೆ ಏನಿಲ್ಲ.

ಮಲ್ಲೇಶ್ವರ 1898ರ ಪ್ಲೇಗಿನ ಕಾಲದಲ್ಲಿ ಹುಟ್ಟಿದ ಬಡಾವಣೆ. ಸಂಪಿಗೆ ರಸ್ತೆ, 8ನೇ ಕ್ರಾಸಿನ ಮಾರ್ಕೆಟ್, ಸ್ಯಾಂಕಿ ಕೆರೆ, ಚೌಡಯ್ಯ ಮೆಮೋರಿಯಲ್ ಹಾಲ್, ಕೆ.ಸಿ. ಜನರಲ್ ಆಸ್ಪತ್ರೆ. ಎಂಇಎಸ್ ಕಿಶೋರ ಕೇಂದ್ರ, ಕ್ಲೂನಿ ಕಾನ್ವೆಂಟ್, 18ನೇ ಕ್ರಾಸಿನ ಕೇಂದ್ರೀಯ ವಿದ್ಯಾಲಯ, ಎಲ್ಲಾ ನಡೆದು ಹೋಗುವ ದೂರದಲ್ಲಿ. ಅಜ್ಜ ಅಜ್ಜಿಯನ್ನೂ ಜೊತೆಗೆ ಕರೆತರುವ ಮನೆಯವರಿಗೆ ಇದಕ್ಕಿಂತ ಹಿತವಾದ ಜಾಗ ಬೆಂಗಳೂರಿನಲ್ಲಿ ಕಡಿಮೆ. ಆದರೆ ಬಾಡಿಗೆ ಜಯನಗರಕ್ಕೆ ಏನೂ ಕಡಿಮೆ ಇಲ್ಲ, ಹಳೆಯ ಮನೆಗಳಲ್ಲಿ ಕಾರ್ ನಿಲ್ಲಿಸಲು ಜಾಗ ಸಿಗುವುದು ಪುಣ್ಯ.

ಹಾಗಾಗಿ ಮಲ್ಲೇಶ್ವರ ದಾಟಿ ಆಚೆ ಬನ್ನಿ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಆರ್‌ಪಿಸಿ ಲೇಔಟ್. ಇಲ್ಲಿನ ಜನ ಏರಿಯಾ ಬಗ್ಗೆ ಜಂಬ ಕೊಚ್ಚಿಕೊಳ್ಳುವುದಿಲ್ಲ, ಅದಕ್ಕೇ ಹೊರಗಿನವರ ಪಟ್ಟಿಯಲ್ಲಿ ಈ ಹೆಸರುಗಳು ಬರುವುದೂ ಇಲ್ಲ. ಒಂದು ಕಡೆ ಹಸಿರು ಮಾರ್ಗ, ಇನ್ನೊಂದು ಕಡೆ ನೇರಳೆ ಮಾರ್ಗ, ಎರಡೂ ಮೆಜೆಸ್ಟಿಕ್‌ನಲ್ಲಿ ಸೇರುತ್ತವೆ, ಅಂದರೆ ಅಪ್ಪನ ಆಫೀಸ್ ವೈಟ್‌ಫೀಲ್ಡಿನಲ್ಲಿ, ಅಮ್ಮನ ಆಫೀಸ್ ಪೀಣ್ಯದಲ್ಲಿ ಇದ್ದರೂ ಇಬ್ಬರೂ ಸಂಜೆ ಮನೆ ಸೇರುವ ಹಾಗಿದೆ. ಸಿಬಿಎಸ್‌ಇ ಬೇಕೆಂದವರಿಗೆ ರಾಜಾಜಿನಗರದ ನ್ಯಾಷನಲ್ ಪಬ್ಲಿಕ್ ಸ್ಕೂಲ್ ಇದೆ (ಸೀಟು ಸಿಗುವುದು ಸುಲಭ ಅಲ್ಲ), ಅದು ಬಿಟ್ಟರೂ ಮಧ್ಯಮ ಫೀಸಿನ, ಮೂವತ್ತು ನಲವತ್ತು ವರ್ಷ ಹಳೆಯ ಸ್ಟೇಟ್ ಮತ್ತು ಐಸಿಎಸ್‌ಇ ಶಾಲೆಗಳು ಬೀದಿ ಬೀದಿಗೆ ಸಿಗುತ್ತವೆ. ಹೊಳೆಯುವ ಬ್ರೋಷರ್ ಇಲ್ಲ, ಎಸಿ ಕ್ಲಾಸ್‌ರೂಮ್ ಇಲ್ಲ, ಆದರೆ ಟೀಚರ್‌ಗಳು ಹತ್ತು ಹದಿನೈದು ವರ್ಷದಿಂದ ಅಲ್ಲೇ ಇರುತ್ತಾರೆ. ನಾನು ಶಾಲೆ ನೋಡಲು ಹೋದಾಗ ಮೊದಲು ಕೇಳುವುದೇ ಇದನ್ನು. ಪ್ರತಿ ವರ್ಷ ಟೀಚರ್ ಬದಲಾಗುವ ಶಾಲೆಯಲ್ಲಿ ಸ್ವಿಮ್ಮಿಂಗ್ ಪೂಲ್ ಇದ್ದು ಏನು ಪ್ರಯೋಜನ?

ಹಂಪಿನಗರದ ಸಾರ್ವಜನಿಕ ಗ್ರಂಥಾಲಯ ನೋಡಿಲ್ಲದಿದ್ದರೆ ಒಮ್ಮೆ ನೋಡಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಬೆಳಿಗ್ಗೆಯೇ ಜಾಗ ಹಿಡಿದು ಕೂತಿರುತ್ತಾರೆ. ಹೈಸ್ಕೂಲಿನ ಮಗು ಅದನ್ನು ಕಣ್ಣಾರೆ ನೋಡಿದರೆ ಸಾಕು, ನೀವು "ಓದು, ಓದು" ಅನ್ನುವುದು ಅರ್ಧ ಕಡಿಮೆ ಆಗುತ್ತದೆ.

ಇನ್ನು ಊರಿಗೆ ಹೋಗುವ ಮಾತು. ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗ ಕಡೆಯವರಿಗೆ ಯಶವಂತಪುರ ರೈಲ್ವೆ ಸ್ಟೇಷನ್, ತುಮಕೂರು ರಸ್ತೆ ಎರಡೂ ಹತ್ತಿರ. ಹಬ್ಬದ ಹಿಂದಿನ ದಿನ ವೈಟ್‌ಫೀಲ್ಡಿನಿಂದ ಹೊರಟು ಗೊರಗುಂಟೆಪಾಳ್ಯ ತಲುಪುವಷ್ಟರಲ್ಲಿ ಇಲ್ಲಿಂದ ಹೊರಟವರು ತುಮಕೂರು ದಾಟಿರುತ್ತಾರೆ. ವರ್ಷಕ್ಕೆ ನಾಲ್ಕೈದು ಸಲ ಊರಿಗೆ ಹೋಗುವ ಮನೆಗೆ ಇದು ಸಣ್ಣ ವಿಷಯ ಅಲ್ಲ.

ಕೊರತೆ ಇಲ್ಲವೆಂದಲ್ಲ. ಕಾರ್ಡ್ ರೋಡ್ ಪಕ್ಕದ ಮನೆಗಳಲ್ಲಿ ಸದ್ದು, ಧೂಳು. ಬಸವೇಶ್ವರನಗರದ ಒಳಭಾಗದಿಂದ ಮೆಟ್ರೋ ಸ್ಟೇಷನ್ನಿಗೆ ಆಟೋ ಅಥವಾ ಸ್ಕೂಟರ್ ಬೇಕೇ ಬೇಕು. ಪಾರ್ಕುಗಳಿವೆ, ಆದರೆ ದೊಡ್ಡ ಆಟದ ಮೈದಾನಗಳು ಕಡಿಮೆ. ಸರ್ಜಾಪುರದಲ್ಲೋ ಹೊರ ವರ್ತುಲ ರಸ್ತೆಯ ಬೆಳ್ಳಂದೂರಿನಲ್ಲೋ ಆಫೀಸ್ ಇದ್ದರೆ ಈ ಕಡೆಯ ಆಸೆ ಬಿಡಿ. ಆ ಭಾಗಕ್ಕೆ ಮೆಟ್ರೋ ಇನ್ನೂ ತಲುಪಿಲ್ಲ.

ವೈಟ್‌ಫೀಲ್ಡ್, ಸರ್ಜಾಪುರ

ಗಂಡ ಹೆಂಡತಿ ಇಬ್ಬರ ಕೆಲಸವೂ ಐಟಿಪಿಎಲ್ ಟೆಕ್ ಪಾರ್ಕಿನ ಸುತ್ತಮುತ್ತ ಇದ್ದರೆ, ಮಗುವಿಗೆ ಐಬಿ ಅಥವಾ ಕೇಂಬ್ರಿಜ್ ಥರದ ಅಂತರರಾಷ್ಟ್ರೀಯ ಪಠ್ಯ ಬೇಕಿದ್ದರೆ, ಅಮೆರಿಕದಿಂದಲೋ ದುಬೈಯಿಂದಲೋ ಬಂದ ಮಗು ಹಳೆಯ ಪಠ್ಯವನ್ನೇ ಮುಂದುವರಿಸಬೇಕಿದ್ದರೆ ಇಲ್ಲಿ ಬನ್ನಿ, ಬೇರೆ ಕಡೆ ಒದ್ದಾಡಬೇಡಿ. ಶಾಲೆಗಳು ದೊಡ್ಡವು, ಮೈದಾನ ದೊಡ್ಡದು, ಫೀಸೂ ದೊಡ್ಡದು. ಅಂತರರಾಷ್ಟ್ರೀಯ ಪಠ್ಯದ ಶಾಲೆಗಳಲ್ಲಿ ವರ್ಷಕ್ಕೆ ಹಲವು ಲಕ್ಷ ಆಗುತ್ತದೆ. ಇಬ್ಬರು ಮಕ್ಕಳು ಅಂದರೆ ಹತ್ತು ವರ್ಷದ ಲೆಕ್ಕವನ್ನು ಕೂತು ಬರೆದು ನೋಡಿ.

ಗೇಟೆಡ್ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳಿಗೆ ಜೊತೆಗಾರರು ಸಿಗುತ್ತಾರೆ, ಸಂಜೆ ಕೆಳಗೆ ಬಿಟ್ಟರೆ ಚಿಂತೆ ಇಲ್ಲ. ಇದು ನಿಜ, ಒಪ್ಪುತ್ತೇನೆ. ಹೊಸದಾಗಿ ಊರಿಗೆ ಬಂದ ಮಗುವಿಗೆ ವಾರದೊಳಗೆ ಗೆಳೆಯರು ಸಿಗುವುದು ಹಳೆಯ ಬಡಾವಣೆಗಿಂತ ಇಲ್ಲಿ ಬೇಗ. ಆದರೆ ಆ ಗೆಳೆಯರ ಜೊತೆ ಆಡುವ ಭಾಷೆ ಹಿಂದಿ ಅಥವಾ ಇಂಗ್ಲಿಷ್. ಮನೆಯಲ್ಲಿ ಕನ್ನಡ ಮಾತಾಡಿದರೂ ಎರಡು ವರ್ಷದಲ್ಲಿ ಮಗು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡಲು ಶುರು ಮಾಡುತ್ತದೆ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಪ್ರಕಾರ ಶಾಲೆಗಳು ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಸಬೇಕು. ಆದರೂ ಶಾಲೆ ನೋಡಲು ಹೋದಾಗ ಟೈಮ್‌ಟೇಬಲ್ ಕೇಳಿ, ವಾರಕ್ಕೆ ಎಷ್ಟು ಪೀರಿಯಡ್ ಕನ್ನಡ ಅಂತ ಎಣಿಸಿ. ಒಂದೋ ಎರಡೋ ಇದ್ದರೆ ಅದು ಲೆಕ್ಕಕ್ಕೆ ಉಂಟು, ಆಟಕ್ಕೆ ಇಲ್ಲ.

ನೀರಿನ ವಿಷಯ ಇಲ್ಲೇ ಜಾಸ್ತಿ ಕೇಳಬೇಕು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಈ ಭಾಗದ ಎಷ್ಟೋ ಅಪಾರ್ಟ್‌ಮೆಂಟುಗಳು ಟ್ಯಾಂಕರ್ ನಂಬಿ ಬದುಕಿದವು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ 5ನೇ ಹಂತ ಶುರುವಾಯಿತು, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 775 ದಶಲಕ್ಷ ಲೀಟರ್ ಕೊಡುವ ಯೋಜನೆ. ಯೋಜನೆ ಬಂದಿದೆ ಅಂದ ಮಾತ್ರಕ್ಕೆ ನಿಮ್ಮ ಕಟ್ಟಡಕ್ಕೆ ಕನೆಕ್ಷನ್ ಇದೆ ಅಂತ ಅಲ್ಲ. ಬ್ರೋಕರ್ ಹತ್ತಿರ ಕೇಳಬೇಡಿ, ವಾಚ್‌ಮನ್ ಹತ್ತಿರ ಕೇಳಿ: "ಏಪ್ರಿಲ್‌ನಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತೆ?" ಸರಿಯಾದ ಉತ್ತರ ಅವರ ಹತ್ತಿರವೇ ಇರುವುದು.

ಸರ್ಜಾಪುರ ರಸ್ತೆಗೆ ಮೆಟ್ರೋ ಇಲ್ಲ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಸರ್ಜಾಪುರ ರಸ್ತೆ, ಬೆಳ್ಳಂದೂರು, ಯಮಲೂರು ಕಡೆ ಕೋಟಿ ಕೋಟಿ ಬೆಲೆಯ ಮನೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ, ಬೋಟಿನಲ್ಲಿ ಸಾಗಿಸಿದ್ದು ಎಲ್ಲರಿಗೂ ನೆನಪಿದೆ. ಶಾಲೆ ಎಷ್ಟೇ ಚೆನ್ನಾಗಿರಲಿ, ರಾಜಕಾಲುವೆ ಪಕ್ಕದ ತಗ್ಗಿನಲ್ಲಿ ಮನೆ ಬೇಡ.

ಯಲಹಂಕ, ಸಹಕಾರನಗರ

ಗಾಳಿ ಬೆಳಕು ಬೇಕೆಂದವರಿಗೆ ಯಲಹಂಕ. ನ್ಯೂ ಟೌನ್ ಹೌಸಿಂಗ್ ಬೋರ್ಡಿನವರು ಮಾಡಿದ ಬಡಾವಣೆ, ರಸ್ತೆ ಅಚ್ಚುಕಟ್ಟು. ಪುಟ್ಟೇನಹಳ್ಳಿ ಕೆರೆ, ಜಕ್ಕೂರು ಕೆರೆ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ ಹತ್ತಿರ. ಶಾಲೆಗಳಲ್ಲಿ ಎರಡು ತುದಿಯೂ ಸಿಗುತ್ತವೆ: ವಾಯುನೆಲೆಯ ಮತ್ತು ರೈಲು ಗಾಲಿ ಕಾರ್ಖಾನೆಯ ಕೇಂದ್ರೀಯ ವಿದ್ಯಾಲಯಗಳು ಒಂದು ಕಡೆ, ಮಲ್ಯ ಅದಿತಿ, ಕೆನಡಿಯನ್ ಇಂಟರ್‌ನ್ಯಾಷನಲ್, ವಿದ್ಯಾಶಿಲ್ಪ್ ಇನ್ನೊಂದು ಕಡೆ. ನಡುವಿನ ಫೀಸಿನ ಶಾಲೆಗಳು ಇದ್ದರೂ ಪಶ್ಚಿಮದಷ್ಟು ಆಯ್ಕೆ ಇಲ್ಲ.

ಮಾನ್ಯತಾ ಟೆಕ್ ಪಾರ್ಕಿನಲ್ಲಿ, ಏರ್‌ಪೋರ್ಟಿನಲ್ಲಿ, ದೇವನಹಳ್ಳಿ ಕಡೆ ಕೆಲಸ ಇದ್ದರೆ ಇದೇ ಸರಿ. ಊರಿನ ಬೇರೆ ಕಡೆ ಕೆಲಸ ಇದ್ದರೆ ಹೆಚ್ಚಾಗಿ ಟ್ರಾಫಿಕ್ಕಿಗೆ ಹೆಸರಾದ ಹೆಬ್ಬಾಳದ ಫ್ಲೈಓವರ್ ದಾಟಬೇಕು. ಏರ್‌ಪೋರ್ಟ್ ಮೆಟ್ರೋ ಕಂಬಗಳು ಎದ್ದಿವೆ, ಆದರೆ ಕಂಬ ನೋಡಿ ಮನೆ ಮಾಡಬೇಡಿ, ರೈಲು ಓಡಿದ ಮೇಲೆ ನೋಡೋಣ. 2024ರ ಅಕ್ಟೋಬರಿನಲ್ಲಿ ಇಲ್ಲಿನ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿಗೆ ನೀರು ನುಗ್ಗಿ ಬೋಟಿನಲ್ಲಿ ಜನರನ್ನು ಹೊರತಂದರು, ಹಾಗಾಗಿ ತಗ್ಗು ದಿಣ್ಣೆ ಇಲ್ಲೂ ನೋಡಬೇಕು. ಏರ್ ಶೋ ನಡೆಯುವ ವಾರ ಪುಟ್ಟ ಕೂಸಿಗೆ ನಿದ್ದೆ ಇಲ್ಲ, ದೊಡ್ಡ ಮಕ್ಕಳಿಗೆ ಹಬ್ಬ.

ಕೆಂಗೇರಿ, ರಾಜರಾಜೇಶ್ವರಿನಗರ

ಬಜೆಟ್ ಕಡಿಮೆ, ಆದರೆ ಮೆಟ್ರೋ ಬೇಕು ಅನ್ನುವವರು ಇಲ್ಲಿ ನೋಡಿ. ಕೆಂಗೇರಿ ಉಪನಗರಕ್ಕೆ 2021ರಲ್ಲಿ ಮೆಟ್ರೋ ಬಂತು. ಮೈಸೂರು, ಮಂಡ್ಯ, ರಾಮನಗರ ಕಡೆಯವರಿಗೆ ಊರಿಗೆ ಹೋಗುವುದು ಸಲೀಸು. ರಾಜರಾಜೇಶ್ವರಿನಗರದಲ್ಲಿ ಹಸಿರು, ಗುಡ್ಡ, ಕನ್ನಡದ ವಾತಾವರಣ ಎಲ್ಲ ಇದೆ, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ ಪಕ್ಕದಲ್ಲೇ. ಒಂದು ಮಾತ್ರ ನೆನಪಿಡಿ, ಆ ಹೆಸರಿನ ಮೆಟ್ರೋ ಸ್ಟೇಷನ್ ಮೈಸೂರು ರಸ್ತೆಯಲ್ಲಿದೆ, ಬಡಾವಣೆ ಒಳಗೆ ದೂರಕ್ಕೆ ಹರಡಿದೆ. "ಮೆಟ್ರೋ ಹತ್ತಿರ" ಅಂತ ಟು-ಲೆಟ್ ಬೋರ್ಡಿನಲ್ಲಿ ಬರೆದಿದ್ದರೆ ಯಾವ ಗೇಟಿನಿಂದ ಎಷ್ಟು ದೂರ ಅಂತ ನಡೆದೇ ನೋಡಿ.

ಶಾಲೆಗಳು ಸಾಕಷ್ಟಿವೆ, ಆದರೆ ಗುಣಮಟ್ಟದಲ್ಲಿ ಏರುಪೇರು ಜಾಸ್ತಿ. ಹೊಸ ಬಡಾವಣೆಗಳಲ್ಲೆಲ್ಲ ಇದೇ ಕಥೆ. "ಸಿಬಿಎಸ್‌ಇ" ಅಂತ ಬೋರ್ಡಿನಲ್ಲಿ ದೊಡ್ಡದಾಗಿ ಇರುತ್ತದೆ, ವಿಚಾರಿಸಿದರೆ ಮಾನ್ಯತೆ ಇರುವುದು ಸ್ಟೇಟ್ ಸಿಲಬಸ್ಸಿಗೆ ಮಾತ್ರ, ಪುಸ್ತಕ ಮಾತ್ರ ಎನ್‌ಸಿಇಆರ್‌ಟಿಯದು. ಸಿಬಿಎಸ್‌ಇಯ ಸಾರಸ್ ಜಾಲತಾಣದಲ್ಲಿ ಶಾಲೆಯ ಸಂಯೋಜನೆ ಸಂಖ್ಯೆ (ಅಫಿಲಿಯೇಷನ್ ನಂಬರ್) ಹಾಕಿ ನೋಡಿ, ಯಾವ ತರಗತಿ ತನಕ ಅನುಮತಿ ಅನ್ನುವುದೂ ಸಿಗುತ್ತದೆ. ಸ್ಟೇಟ್ ಶಾಲೆ ಆದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನಲ್ಲಿ ಕೇಳಿದರೆ ಹೇಳುತ್ತಾರೆ. ಇದು ಕೆಂಗೇರಿಗೆ ಮಾತ್ರ ಅಲ್ಲ, ಎಲ್ಲಾ ಕಡೆಗೂ.

ಫೀಸು, ಸರ್ಕಾರಿ ಶಾಲೆ, ಆರ್‌ಟಿಇ

ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಅಡಿ ಖಾಸಗಿ ಶಾಲೆಯಲ್ಲಿ ಸಿಗುವ ಉಚಿತ ಸೀಟಿನ ಭರವಸೆಯ ಮೇಲೆ ಬರಬೇಡಿ. ಮನೆ ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಇಲ್ಲ ಅಂತ ಕರ್ನಾಟಕದಲ್ಲಿ 2019ರಿಂದ ನಿಯಮ ಬದಲಾಗಿದೆ. ಬೆಂಗಳೂರಿನಂಥ ಊರಿನಲ್ಲಿ ಹತ್ತಿರ ಸರ್ಕಾರಿ ಶಾಲೆ ಇಲ್ಲದ ಬೀದಿ ಹುಡುಕುವುದು ಕಷ್ಟ. ಆದರೆ ಅದೇ ಸರ್ಕಾರಿ ಶಾಲೆಗೆ ಒಮ್ಮೆ ಹೋಗಿ ನೋಡಲು ಏನು ಅಡ್ಡಿ? ಎಲ್‌ಕೆಜಿಯಿಂದ ಪಿಯುಸಿ ತನಕ ಒಂದೇ ಆವರಣದಲ್ಲಿರುವ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗವೂ ಇರುತ್ತದೆ. ಮುಖ್ಯೋಪಾಧ್ಯಾಯರು ಹುರುಪಿನವರಾದರೆ ಅಲ್ಲಿನ ಶಾಲೆ ಪಕ್ಕದ ಬೀದಿಯ ಖಾಸಗಿ ಶಾಲೆಗಿಂತ ಮೇಲು.

ಡೊನೇಷನ್ ತೆಗೆದುಕೊಳ್ಳುವಂತಿಲ್ಲ, ಸೇರಿಸಿಕೊಳ್ಳಲು ಮಗುವಿಗೋ ತಂದೆ ತಾಯಿಗೋ ಪರೀಕ್ಷೆ ಇಡುವಂತಿಲ್ಲ ಅಂತ ಆರ್‌ಟಿಇ ಕಾಯ್ದೆಯಲ್ಲೇ ಇದೆ. "ಇಂಟರಾಕ್ಷನ್" ಅನ್ನುವ ಹೆಸರಿನಲ್ಲಿ ನಡೆಯುವುದು ಏನು ಅಂತ ಎಲ್ಲರಿಗೂ ಗೊತ್ತು. ದುಡ್ಡು ಕೊಟ್ಟಿದ್ದಕ್ಕೆಲ್ಲ ರಸೀದಿ ಕೇಳಿ. ರಸೀದಿ ಅಂದ ಕೂಡಲೇ ಮುಖ ಬದಲಾಗುವ ಶಾಲೆಯಿಂದ ಎದ್ದು ಬನ್ನಿ.

ಮನೆ ನೋಡಲು ಹೋಗುವ ದಿನ

ಭಾನುವಾರ ಹೋಗಬೇಡಿ. ಭಾನುವಾರ ಬೆಂಗಳೂರಿನ ಎಲ್ಲಾ ರಸ್ತೆಗಳೂ ಚೆಂದ. ಸೋಮವಾರ ಬೆಳಿಗ್ಗೆ ಏಳೂವರೆಗೆ ಮನೆ ಮುಂದಿನಿಂದ ಶಾಲೆ ಗೇಟಿನ ತನಕ ನೀವೇ ಗಾಡಿ ಓಡಿಸಿ. ಸಾಧ್ಯವಾದರೆ ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹೊರಗೆ ನಿಂತು ಅಲ್ಲಿ ಕಾಯುವ ಅಮ್ಮಂದಿರನ್ನು, ವ್ಯಾನ್ ಡ್ರೈವರ್‌ಗಳನ್ನು ಮಾತಾಡಿಸಿ. ಯಾವ ಟೀಚರ್ ಬಿಟ್ಟು ಹೋದರು, ಫೀಸು ಕಳೆದ ವರ್ಷ ಎಷ್ಟು ಏರಿತು, ವ್ಯಾನಿನಲ್ಲಿ ಎಷ್ಟು ಮಕ್ಕಳನ್ನು ತುಂಬುತ್ತಾರೆ ಅನ್ನುವುದೆಲ್ಲ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ, ಪ್ರಿನ್ಸಿಪಾಲರ ರೂಮಿನಲ್ಲಿ ಒಂದು ಗಂಟೆ ಕೂತರೂ ಗೊತ್ತಾಗುವುದಿಲ್ಲ.

ಮೊದಲ ವರ್ಷ ಬಾಡಿಗೆಗೇ ಇರಿ. 11 ತಿಂಗಳ ಕರಾರು, ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು, ಇದೆಲ್ಲ ಇಲ್ಲಿನ ವಾಡಿಕೆ. ಅಡ್ವಾನ್ಸ್ ಎಷ್ಟು ತಿಂಗಳದ್ದು ಅನ್ನುವುದರಲ್ಲಿ ಚೌಕಾಸಿ ಮಾಡಿ, ಇಳಿಸುತ್ತಾರೆ. ಭೋಗ್ಯಕ್ಕೆ ಅಂತ ಹತ್ತು ಹದಿನೈದು ಲಕ್ಷ ಒಟ್ಟಿಗೆ ಕೊಡುವುದಾದರೆ ಮನೆ ಪತ್ರ, ಬ್ಯಾಂಕ್ ಸಾಲ ಎಲ್ಲಾ ವಿಚಾರಿಸಿ, ಓನರ್ ಜೊತೆಯೇ ನೇರವಾಗಿ ರಿಜಿಸ್ಟರ್ ಕರಾರು ಮಾಡಿಸಿ. ನಡುವಿನ ಏಜೆನ್ಸಿ ಹೆಸರಿಗೆ ದುಡ್ಡು ಹಾಕಬೇಡಿ.

ಯಾವಾಗ ಬರಬೇಕು, ಏನು ತರಬೇಕು

ಹೆಸರಿನ ಖಾಸಗಿ ಶಾಲೆಗಳ ಎಲ್‌ಕೆಜಿ, ಒಂದನೇ ತರಗತಿ ಸೀಟು ಹಿಂದಿನ ವರ್ಷದ ದಸರಾ ದೀಪಾವಳಿ ಹೊತ್ತಿಗೇ ತುಂಬಲು ಶುರು. ಮೇನಲ್ಲಿ ಬಂದು ಕೇಳಿದರೆ ವೇಟಿಂಗ್ ಲಿಸ್ಟ್. ಆದರೆ ಮೂರರಿಂದ ಎಂಟನೇ ತರಗತಿಗೆ ಮಾತ್ರ ಮೇ ಕೊನೆಯಲ್ಲೂ ಸೀಟು ಖಾಲಿ ಆಗುತ್ತವೆ, ಯಾಕೆಂದರೆ ನಿಮ್ಮ ಹಾಗೆಯೇ ಇಲ್ಲಿಂದ ಬೇರೆ ಊರಿಗೆ ಹೋಗುವವರೂ ಆಗಲೇ ಟಿಸಿ ತೆಗೆದುಕೊಳ್ಳುವುದು. ಹಾಗಾಗಿ ಸೀಟು ಇಲ್ಲ ಅಂದರೂ ಹೆಸರು ಬರೆಸಿ ಬನ್ನಿ, ವಾರಕ್ಕೊಮ್ಮೆ ಫೋನ್ ಮಾಡಿ.

ಕರ್ನಾಟಕದೊಳಗೇ ಬರುವವರಿಗೆ ಮಗುವಿನ ಎಸ್‌ಎಟಿಎಸ್ ಸಂಖ್ಯೆ (ರಾಜ್ಯದ ಶಾಲಾ ದಾಖಲೆಯಲ್ಲಿ ಮಗುವಿಗೆ ಕೊಡುವ ಗುರುತಿನ ಸಂಖ್ಯೆ) ಇದ್ದರೆ ಹೊಸ ಶಾಲೆಗೆ ದಾಖಲೆ ವರ್ಗಾವಣೆ ಸುಲಭ, ಟಿಸಿ, ಅಂಕಪಟ್ಟಿ, ಜಾತಿ ಆದಾಯ ಪತ್ರ ಜೊತೆಗಿರಲಿ. ಹೊರ ರಾಜ್ಯದಿಂದ ಬರುವವರ ಟಿಸಿಗೆ ಅಲ್ಲಿನ ಶಿಕ್ಷಣಾಧಿಕಾರಿಯ ಮೇಲುಸಹಿ ಕೇಳುವ ಶಾಲೆಗಳು ಇಲ್ಲಿ ಬಹಳ. ಆ ಸಹಿಗೆ ಆಮೇಲೆ ರಜೆ ಹಾಕಿ ವಾಪಸ್ ಹೋಗುವ ಬದಲು, ಸಾಮಾನು ಲಾರಿಗೆ ಹತ್ತಿಸುವ ಮೊದಲೇ ಹಾಕಿಸಿಕೊಂಡು, ನಾಲ್ಕು ಜೆರಾಕ್ಸ್ ಮಾಡಿಸಿ ಕೈಚೀಲದಲ್ಲಿ ಇಟ್ಟುಕೊಳ್ಳಿ, ಲಾರಿಯಲ್ಲಿ ಅಲ್ಲ.